ಆರನೇ ಕಾಲಂ

ನಲವತ್ತೆಂಟನೇ ವಯಸ್ಸಿನಲ್ಲಿ ಸ್ನಾತಕೋತ್ತರ ಪದವಿ ಓದಲು ಹೊರಟವಳಿಗೆ ಜನ ಏನೇನು ಹೇಳಬಹುದೋ ಅಷ್ಟನ್ನೂ ದೊಡ್ಡಕ್ಕನಿಗೆ ಹೇಳಿ ಮುಗಿಸಿದ್ದರು. ಅದರಲ್ಲೂ ಓದುವುದು ಏನನ್ನು? ಮುಪ್ಪನ್ನು. ವೃದ್ಧಾಪ್ಯಶಾಸ್ತ್ರ ಅಂತ ಒಂದು ಶಾಸ್ತ್ರವಿದೆ, ಲ್ಯಾಪ್‌ಟಾಪಿನ ಮುಂದೆ ಕೂತು ಎರಡು ವರ್ಷ ಓದಿದರೆ ಪದವಿ ಕೊಡುತ್ತಾರೆ ಎಂದು ಕೇಳಿ ವೃದ್ಧಾಶ್ರಮದ ಅಡುಗೆಯವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಇನ್ನೊಂದಿಪ್ಪತ್ತು ವರ್ಷ ಸುಮ್ಮನೆ ಕಾದರೆ ಓದದೇ ಬರುತ್ತದಲ್ಲ ಎಂದಿದ್ದ.

ದೊಡ್ಡಕ್ಕ ಎನ್ನುವುದು ಅವಳ ಹೆಸರಲ್ಲ, ಹುದ್ದೆ. ಆ ವೃದ್ಧಾಶ್ರಮದಲ್ಲಿ ಇಪ್ಪತ್ತಾರು ವರ್ಷ ದುಡಿದು ಮುಂದಿನ ಕಟ್ಟಡದ ಮೇಲ್ವಿಚಾರಕಿಯಾದವಳನ್ನು ತೊಂಬತ್ತು ತುಂಬಿದವರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ಕಟ್ಟಡಗಳು ಎರಡು. ಮುಂದಿನದು ರಸ್ತೆಗೆ ಮುಖ ಮಾಡಿಕೊಂಡಿತ್ತು, ಕಿಟಕಿ ತೆರೆದರೆ ಬಸ್ ನಿಲ್ದಾಣದ ಗದ್ದಲ. ಅಲ್ಲಿ ಇರುವವರು ತಮ್ಮ ಕಾಲ ಮೇಲೆ ತಾವು ನಿಲ್ಲಬಲ್ಲವರು. ಬಟ್ಟೆ ಒಣಹಾಕುವ ಅಂಗಳ ದಾಟಿದರೆ ಹಿಂದಿನ ಕಟ್ಟಡ. ಅದರ ಕಿಟಕಿಗಳು ಒಂದು ಗೋದಾಮಿನ ಗೋಡೆಯನ್ನು ನೋಡುತ್ತಿದ್ದವು. ನಿಲ್ಲಲಾಗದವರು ಅಲ್ಲಿಗೆ ಹೋಗುತ್ತಿದ್ದರು. ಹೋದವರು ವಾಪಸು ಬಂದದ್ದು ಕಡಿಮೆ, ಆದರೆ ಅಲ್ಲೇ ಐದಾರು ವರ್ಷ ಗಟ್ಟಿಯಾಗಿ ಬದುಕಿ ಎಲ್ಲರನ್ನೂ ಬೈದುಕೊಂಡಿದ್ದವರು ಬೇಕಾದಷ್ಟು ಜನ ಇದ್ದರು.

ಓದು ಎಂದು ಹಟ ಹಿಡಿದವಳು ಅತ್ತೆ. ಅಪ್ಪನ ತಂಗಿ. ತಾಯಿಯಿಲ್ಲದ ಮಗುವನ್ನು ನಾಲ್ಕನೇ ವರ್ಷದಿಂದ ಸಾಕಿ, ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ನಾಲ್ಕು ವರ್ಷ ಆಪರೇಟರ್ ಆಗಿದ್ದವಳು. ಈಗ ಎಂಬತ್ತೊಂದು. ಆರು ವರ್ಷದಿಂದ ಮುಂದಿನ ಕಟ್ಟಡದಲ್ಲೇ, ಕಿಟಕಿ ಪಕ್ಕದ ಮಂಚ. ದೊಡ್ಡಕ್ಕನಿಗೆ ಈ ಭೂಮಿಯ ಮೇಲೆ ನನ್ನವರು ಅಂತ ಇದ್ದದ್ದು ಅವಳೊಬ್ಬಳೇ.

ಅತ್ತೆಗೆ ಬರೆದಿಟ್ಟ ಮಾತೆಂದರೆ ಮುಗಿಯಿತು. ಎಕ್ಸ್‌ಚೇಂಜಿನ ಗೋಡೆಗೆ ತೂಗುಹಾಕಿದ್ದ ಸೂಚನೆಯ ಹಲಗೆಯನ್ನು ಅವಳು ಒಂದು ದಿನವೂ ಮೀರಿದವಳಲ್ಲ. ಹೊರ ಊರಿನ ಕರೆಗೆ ಮೂರು ನಿಮಿಷ ಎಂದರೆ ಮೂರೇ ನಿಮಿಷ. ಒಮ್ಮೆ ಸ್ವಂತ ಅಣ್ಣ ಆಸ್ಪತ್ರೆಯಿಂದ ಮಾತಾಡುತ್ತಿದ್ದಾಗ ಮೂರು ನಿಮಿಷಕ್ಕೆ ಲೈನು ಕತ್ತರಿಸಿದ್ದಳಂತೆ. ಅದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಿದ್ದಳು, ಕೇಳಿದವರಿಗೆ ಹೇಗೆ ಮುಖ ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ ಎರಡರಿಂದ ಮೂರೂವರೆ ದೊಡ್ಡಕ್ಕನ ಬಿಡುವು. ಆಗ ಅತ್ತೆಯ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಬ್ಬರೂ ಪಾಠ ಕೇಳುತ್ತಿದ್ದರು. ಪ್ರೊಫೆಸರ್ ಮೇಡಂ ಪರದೆಯ ಮೇಲೆ ಸ್ನಾಯು ಕರಗುವುದು, ನೆನಪು ಸವೆಯುವುದು, ಎಲುಬು ಟೊಳ್ಳಾಗುವುದು ಎಲ್ಲವನ್ನೂ ಬಣ್ಣಬಣ್ಣದ ಚಿತ್ರ ಹಾಕಿ ವಿವರಿಸುತ್ತಿದ್ದಳು. ನನ್ನ ವಿಷಯ ನನ್ನೆದುರಿಗೇ ಆಡುತ್ತಾಳೆ, ಮುಖ ನೋಡುವ ಸೌಜನ್ಯವೂ ಇಲ್ಲ ಎಂದು ಅತ್ತೆ ಗೊಣಗುತ್ತಿದ್ದಳು. ಆದರೆ ಪಕ್ಕದ ಮಂಚದವರು ಕೆಮ್ಮಿದರೆ ಸಾಕು, ಶ್, ಕ್ಲಾಸು ನಡೀತಿದೆ ಎಂದು ಗದರಿಸುತ್ತಿದ್ದಳು.

ಮೂರನೇ ಸೆಮಿಸ್ಟರಿನಲ್ಲಿ ಒಂದು ಪ್ರಾಜೆಕ್ಟ್ ಬಂತು. ವಿದ್ಯಾರ್ಥಿಗಳು ತಾವು ಕೆಲಸ ಮಾಡುವ ಜಾಗದಲ್ಲಿ ವೃದ್ಧರ ಶಕ್ತಿ ಅಳೆಯಲು ಒಂದು ಪುಟದ ಹಾಳೆ ರೂಪಿಸಬೇಕು. ದೊಡ್ಡಕ್ಕನಿಗೆ ಇದು ಅಂಗೈಯ ಗೆರೆಯಷ್ಟು ಪರಿಚಯದ ವಿಷಯ. ಕುರ್ಚಿಯಿಂದ ಏಳುವುದು, ಹತ್ತು ಹೆಜ್ಜೆ ನಡೆಯುವುದು, ಗುಂಡಿ ಹಾಕಿಕೊಳ್ಳುವುದು, ಹೇಳಿದ ಮೂರು ಪದ ಐದು ನಿಮಿಷದ ನಂತರ ಒಪ್ಪಿಸುವುದು, ಇವತ್ತು ಯಾವ ವಾರ ಎಂದು ಹೇಳುವುದು. ಐದು ಕಾಲಂ, ಒಂದೊಂದಕ್ಕೆ ನಾಲ್ಕು ಅಂಕ, ಒಟ್ಟು ಇಪ್ಪತ್ತು. ಒಂಬತ್ತಕ್ಕಿಂತ ಕಡಿಮೆ ಬಂದರೆ ಅಪಾಯ.

ವಿಶ್ವವಿದ್ಯಾಲಯ ಕೊಟ್ಟ ನಮೂನೆಯಲ್ಲಿ ಆರನೆಯದೊಂದು ಕಾಲಂ ಇತ್ತು, ಶಿಫಾರಸು ಅಂತ. ಯಾವ ಕಾಲಂ ಖಾಲಿ ಬಿಟ್ಟರೂ ಅಂಕ ಕಡಿತ ಎಂದು ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು. ಅವಳು 'ವೈದ್ಯರು ನೋಡುವವರೆಗೆ ಕುರ್ಚಿಯಿಂದ ಎಬ್ಬಿಸಬಾರದು' ಎಂದು ಟೈಪು ಮಾಡಿದಳು. ಕಂಪ್ಯೂಟರ್ ಒಪ್ಪಲಿಲ್ಲ, ಆ ಚೌಕದಲ್ಲಿ ಅಷ್ಟು ಅಕ್ಷರ ಹಿಡಿಸುವುದಿಲ್ಲವಂತೆ. ಮೂರು ಸಲ ತಿದ್ದಿದಳು, ಮೂರು ಸಲವೂ ವಾಪಸು ಉಗುಳಿತು. ಸಲ್ಲಿಸಲು ಇನ್ನು ಹತ್ತು ನಿಮಿಷ ಉಳಿದಿತ್ತು. ಆಮೇಲೆ ಅವಳು ಮೊದಲಿನ ಎರಡು ಪದ ಅಳಿಸಿ ಉಳಿದದ್ದನ್ನು ಕಳಿಸಿದಳು. ಈ ಹಾಳು ಡಬ್ಬಿಗೆ ಡಾಕ್ಟರೇ ಬೇಡವಂತೆ ಎಂದು ಅತ್ತೆಗೆ ಹೇಳಿ ಇಬ್ಬರೂ ನಕ್ಕಿದ್ದರು.

ಇಡೀ ತರಗತಿಯಲ್ಲೇ ಅವಳಿಗೆ ಹೆಚ್ಚು ಅಂಕ ಬಂತು. ಅತ್ತೆ ಆ ಹಾಳೆಯ ಒಂದು ಪ್ರತಿ ಕೇಳಿ ದಿಂಬಿನ ಕೆಳಗೆ ಇಟ್ಟುಕೊಂಡಳು. ವೃದ್ಧಾಶ್ರಮದ ಮ್ಯಾನೇಜರ್ ಅಂತೂ ಹಿಗ್ಗಿ ಹೀರೇಕಾಯಿಯಾದ. ಯಾರನ್ನು ಮುಂದೆ ಇಡಬೇಕು, ಯಾರನ್ನು ಹಿಂದೆ ಕಳಿಸಬೇಕು ಎಂದು ವೃದ್ಧರ ಮಕ್ಕಳ ಜೊತೆ ಜಗಳವಾಡಿ ಸೋತು ಸುಣ್ಣವಾಗಿದ್ದವನಿಗೆ ವಿಶ್ವವಿದ್ಯಾಲಯವೇ ಮೆಚ್ಚಿದ ಹಾಳೆ ಸಿಕ್ಕಿತ್ತು. ಇನ್ನು ಮೇಲೆ ಪ್ರತಿ ಸೋಮವಾರ ಎಲ್ಲರಿಗೂ ಪರೀಕ್ಷೆ, ಒಂಬತ್ತಕ್ಕಿಂತ ಕಡಿಮೆ ಬಂದವರು ಅದೇ ಮಧ್ಯಾಹ್ನ ಹಿಂದಿನ ಕಟ್ಟಡಕ್ಕೆ, ಹಾಳೆ ಅವರ ಕುರ್ಚಿಯ ಬೆನ್ನಿಗೆ, ಮೊದಲಿನಿಂದ ಅಲ್ಲಿದ್ದವರ ಕುರ್ಚಿಗೂ. ಹಾಳೆಯ ಕೆಳಗೆ 'ರೂಪಿಸಿದವರು' ಎಂದು ತನ್ನ ಹೆಸರು ಅಚ್ಚಾದದ್ದನ್ನು ನೋಡಿ ದೊಡ್ಡಕ್ಕನಿಗೆ ಖುಷಿಯಾಗಿತ್ತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊದಲು ಹೋದವನು ಗಾರ್ಡ್ ತಾತ. ರೈಲಿನಲ್ಲಿ ಗಾರ್ಡ್ ಆಗಿದ್ದ ಮನುಷ್ಯ, ಬೆಳಗ್ಗೆ ಕಿಟಕಿಗೆ ನಿಂತು ಯಾವ ಬಸ್ಸು ಎಷ್ಟು ತಡ ಎಂದು ಕೂಗಿ ಹೇಳುತ್ತಿದ್ದ. ಒಂದು ಸೋಮವಾರ ಮೈ ಬಿಸಿಯಿತ್ತು, ಎಂಟು ಅಂಕ ಬಂತು. ಡಾಕ್ಟರು ಬರುವುದು ಗುರುವಾರ. ಹಾಳೆಯಲ್ಲಿ ಡಾಕ್ಟರ ಮಾತಿಲ್ಲವಾದ್ದರಿಂದ ಯಾರೂ ಕಾಯಲಿಲ್ಲ. ಜ್ವರ ಬುಧವಾರಕ್ಕೇ ಬಿಟ್ಟಿತು, ತಾತ ಮಾತ್ರ ಹಿಂದೆಯೇ ಉಳಿದ. ಏಳು ವಾರಕ್ಕೆ ತೀರಿಕೊಂಡ. ಸುದ್ದಿ ಕೇಳಿದಾಗ ದೊಡ್ಡಕ್ಕನಿಗೆ ಮೊದಲು ಹೊಳೆದದ್ದು, ಹಾಳೆ ಸರಿಯಾಗಿ ಹೇಳಿತ್ತು ಎಂದು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಫೈಲು ತೆರೆದು ದಿನಾಂಕ ಬರೆದುಕೊಂಡಳು, ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಬೇಕಾಗುತ್ತದಲ್ಲ.

ಆಮೇಲೆ ಒಬ್ಬೊಬ್ಬರಾಗಿ ಹೋದರು. ಅವಳು ಫೈಲು ತುಂಬಿಸುತ್ತಾ ಹೋದಳು. ಎಂಟು ತಿಂಗಳಲ್ಲಿ ಒಂಬತ್ತಕ್ಕಿಂತ ಕಡಿಮೆ ಬಂದು ಹಿಂದೆ ಹೋದವರು ಹದಿನೇಳು ಜನ, ಅವರಲ್ಲಿ ಹದಿನಾಲ್ಕು ಜನ ನಾಲ್ಕು ತಿಂಗಳು ತುಂಬುವ ಮೊದಲೇ ಸತ್ತರು. ಇಷ್ಟು ಕರಾರುವಾಕ್ಕಾಗಿ ಸಾವನ್ನು ಮುಂಚೆಯೇ ಹೇಳುವ ಸಾಧನ ನಾನು ನೋಡಿಲ್ಲ ಎಂದು ಪ್ರೊಫೆಸರ್ ಮೇಡಂ ಬರೆದಳು. ಪ್ರಬಂಧದಲ್ಲಿ ಒಂದು ಹೋಲಿಕೆ ಇದ್ದರೆ ಚೆನ್ನ, ಹಾಳೆ ಬರುವ ಮೊದಲು ಹೇಗಿತ್ತೋ ನೋಡಿ ಎಂದೂ ಸೇರಿಸಿದಳು.

ದೊಡ್ಡಕ್ಕ ಹಳೆಯ ರಿಜಿಸ್ಟರು ತೆಗೆದು ಕೂತಳು. ಹಾಳೆ ಬರುವ ಮೊದಲಿನ ಮೂರು ವರ್ಷದಲ್ಲಿ ಹಿಂದಿನ ಕಟ್ಟಡದಲ್ಲಿ ಸತ್ತವರು ಒಂಬತ್ತು ಜನ. ಮತ್ತೊಮ್ಮೆ ಎಣಿಸಿದಳು. ಒಂಬತ್ತೇ. ರಿಜಿಸ್ಟರು ಅಲ್ಲೇ ಬಿಟ್ಟು ಅಂಗಳ ದಾಟಿದಳು. ಕೆಲಸ, ಓದು ಎರಡೂ ಸೇರಿ ಅವಳು ಆ ಕಡೆ ಕಾಲಿಡದೆ ಎಷ್ಟೋ ತಿಂಗಳಾಗಿತ್ತು.

ಒಳಗೆ ಫಿನಾಯಿಲ್ ವಾಸನೆ. ಗೋಡೆಯುದ್ದಕ್ಕೂ ಕುರ್ಚಿಗಳು, ಕುರ್ಚಿಗಳಲ್ಲಿ ಜನ. ಮೊದಲು ಆ ಹಜಾರದಲ್ಲಿ ಬೈಗುಳ, ದೂರು, ಕೋಲಿನ ಸದ್ದು ಎಲ್ಲ ಇರುತ್ತಿದ್ದವು. ಈಗ ಯಾರೂ ಉಸಿರೆತ್ತುತ್ತಿರಲಿಲ್ಲ. ಅಲ್ಲಿಯ ಆಯಾಳನ್ನು ಬದಿಗೆ ಕರೆದು ಕೇಳಿದಳು. ಆಯಾ ಮುಚ್ಚುಮರೆಯಿಲ್ಲದೆ ಹೇಳಿದಳು. ಮೊದಲು ಎಲ್ಲರನ್ನೂ ದಿನಕ್ಕೆರಡು ಸಲ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಬಚ್ಚಲಿನವರೆಗೆ ನಡೆಸುತ್ತಿದ್ದೆ, ಅವರು ಬೈಯುತ್ತಿದ್ದರು, ನಾನೂ ಬೈಯುತ್ತಿದ್ದೆ, ಆದರೆ ನಡೆಯುತ್ತಿದ್ದರು. ಈಗ ಹಾಳೆಯಲ್ಲಿ ಎಬ್ಬಿಸಬಾರದು ಅಂತ ಇದೆ. ಎಬ್ಬಿಸುವುದಿಲ್ಲ. ನನ್ನ ಸೊಂಟವೂ ಉಳಿಯಿತು, ದೇವರಾಣೆ ನಿಮಗೆ ಪುಣ್ಯ ಬರಲಿ ಎಂದಳು.

ದೊಡ್ಡಕ್ಕ ಸೀದಾ ಮ್ಯಾನೇಜರನ ಕೋಣೆಗೆ ಹೋದಳು. ಅವನು ತಾಳ್ಮೆಯಿಂದ ಕೇಳಿಸಿಕೊಂಡ. ಎಂಟು ತಿಂಗಳಲ್ಲಿ ಹಿಂದಿನ ಕಟ್ಟಡದಲ್ಲಿ ಒಬ್ಬರೂ ಜಾರಿ ಬಿದ್ದಿಲ್ಲ, ಒಂದು ಸೊಂಟ ಮುರಿದಿಲ್ಲ, ಮಕ್ಕಳ ಕಡೆಯಿಂದ ಒಂದು ದೂರಿಲ್ಲ ಎಂದ. ಇನ್ನೂ ಮೂರು ವೃದ್ಧಾಶ್ರಮದವರು ಹಾಳೆ ಒಯ್ದಿದ್ದಾರೆ ಎಂದ. ಆಮೇಲೆ ದನಿ ತಗ್ಗಿಸಿ, "ಹನ್ನೆರಡು ದಿನಕ್ಕೆ ನಿಮ್ಮ ವೈವಾ ಇದೆ. ಈಗ ಹಾಳೆ ಸರಿಯಿಲ್ಲ ಅಂದ್ರೆ ನಿಮ್ಮ ಪದವಿ ಏನಾಗುತ್ತೆ? ರಜೆ ತಗೊಂಡು ಮನೇಲಿ ಕೂತು ಓದಿ. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ," ಎಂದ.

ಅವಳು ಒಪ್ಪಿದಳು. ಇಲ್ಲಿ ಅವಳ ಪರವಾಗಿ ಏನು ಹೇಳಿದರೂ ಅದು ಸಬೂಬೇ. ಎರಡು ವರ್ಷದ ನಿದ್ದೆಗೆಟ್ಟ ಓದು, ಅತ್ತೆಯ ಆಸೆ, ಅಡುಗೆಯವನ ನಗು ಎಲ್ಲವೂ ಕಣ್ಣ ಮುಂದೆ ಬಂದವು. ಹನ್ನೆರಡೇ ದಿನ ತಾನೆ ಎಂದುಕೊಂಡಳು. ಹೊರಡುವ ಮೊದಲು ಅತ್ತೆಯ ಹತ್ತಿರ ಹೋದರೆ ಅವಳಿಗೆ ಸ್ವಲ್ಪ ನೆಗಡಿ. ಓದಿಕೋ ಹೋಗು, ನನ್ನನ್ನೇನು ನೋಡುತ್ತೀಯ ಎಂದು ಗದರಿಸಿ ಕಳಿಸಿದಳು.

ದಿನಾ ಸಂಜೆ ಫೋನು. ಅತ್ತೆ ಎಂದಿನಂತೆ ಗಡಿಯಾರ ನೋಡಿಕೊಂಡು ಮಾತಾಡಿ ಮೂರು ನಿಮಿಷಕ್ಕೆ ಇಟ್ಟುಬಿಡುತ್ತಿದ್ದಳು. ಊಟ ಆಯಿತು, ನೆಗಡಿ ಹೋಯಿತು, ನೀನು ಓದು. ಮೂರನೇ ದಿನದಿಂದ ಆ ಕರೆಯಲ್ಲಿ ಏನೋ ಒಂದು ಕಡಿಮೆಯಿದೆ ಎಂದು ದೊಡ್ಡಕ್ಕನಿಗೆ ಅನ್ನಿಸುತ್ತಿತ್ತು. ಏನೆಂದು ಹೊಳೆಯಲು ಇನ್ನೆರಡು ದಿನ ಬೇಕಾಯಿತು. ಬಸ್ಸುಗಳ ಹಾರನ್ ಕೇಳಿಸುತ್ತಿರಲಿಲ್ಲ. ನೆಗಡಿಗೆ ಕಿಟಕಿ ಮುಚ್ಚಿರಬೇಕು ಎಂದುಕೊಂಡು ಪುಸ್ತಕದ ಪುಟ ತಿರುವಿದಳು.

ವೈವಾ ದಿನ ಪರದೆಯ ಮೇಲೆ ಪ್ರೊಫೆಸರ್ ಮೇಡಂ ಇದ್ದಳು. ಪಕ್ಕದಲ್ಲಿ ಹೊರಗಿನ ಪರೀಕ್ಷಕ, ಕ್ಯಾಮೆರಾ ಹಾಕಿಕೊಂಡಿರಲಿಲ್ಲ, ಬರೀ ಒಂದು ಕಪ್ಪು ಚೌಕ. ಎಲ್ಲ ಪ್ರಶ್ನೆಗೂ ಅವಳು ಅರಳು ಹುರಿದಂತೆ ಉತ್ತರ ಕೊಟ್ಟಳು. ಕೊನೆಗೆ ಕಪ್ಪು ಚೌಕ ಕೇಳಿತು, ನಿಮ್ಮ ಹಾಳೆ ಇಷ್ಟು ನಿಖರವಾಗಿರಲು ಕಾರಣ ಏನು ಅಂತ ನಿಮ್ಮ ಅಭಿಪ್ರಾಯ.

ಅವಳು ಹೇಳಲೆಂದು ಸಿದ್ಧಪಡಿಸಿದ್ದ ಉತ್ತರ ಮೇಜಿನ ಮೇಲೆ ಕಣ್ಣೆದುರಿಗೇ ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ಹಾಳೆ ಏನೂ ಮುಂಚೆ ಹೇಳ್ತಾ ಇಲ್ಲ ಸರ್. ಅದರಲ್ಲಿ ಬರೆದಿದ್ದನ್ನ ಜನ ಮಾಡ್ತಿದಾರೆ. ಕಡಿಮೆ ಅಂಕ ಬಂದವರನ್ನ ಯಾರೂ ಎಬ್ಬಿಸ್ತಿಲ್ಲ, ಅದಕ್ಕೇ ಅವರು ಸಾಯ್ತಿದಾರೆ. ಎಬ್ಬಿಸಬಾರದು ಅಂತ ಬರೆದವಳು ನಾನು."

ಪದವಿ ಕೈಬಿಟ್ಟುಹೋಯಿತು ಎಂದು ಅವಳಿಗೆ ಖಾತ್ರಿಯಾಯಿತು, ವಿಚಿತ್ರವೆಂದರೆ ಮೈ ಹಗುರಾಯಿತು. ಆಗ ಪ್ರೊಫೆಸರ್ ಮೇಡಂ ಕನ್ನಡಕ ಸರಿಮಾಡಿಕೊಂಡು ಮುಗುಳ್ನಕ್ಕಳು.

"ತುಂಬಾ ಪ್ರಾಮಾಣಿಕವಾದ ಮಾತು. ಕೊನೆಯಲ್ಲಿ ಅಧ್ಯಯನದ ಮಿತಿಗಳು ಅಂತ ಒಂದು ಭಾಗ ಇದೆಯಲ್ಲ, ಅಲ್ಲಿ ಇದನ್ನ ಒಂದು ಪ್ಯಾರಾ ಮಾಡಿ ಸೇರಿಸಿ. ಅಭಿನಂದನೆಗಳು."

ಪರದೆ ಆರಿತು. ಅತ್ಯುತ್ತಮ ದರ್ಜೆ ಎಂಬ ಸಂದೇಶ ಅರ್ಧ ಗಂಟೆಯಲ್ಲೇ ಬಂತು. ದೊಡ್ಡಕ್ಕ ಅದನ್ನು ಓದಿದ್ದು ಬಸ್ಸಿನಲ್ಲಿ. ಅವಳು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದಳು, ಇವತ್ತೇ ಹಿಂದಿನ ಕಟ್ಟಡದ ಅಷ್ಟೂ ಹಾಳೆ ಕಿತ್ತುಹಾಕುವುದು, ಮ್ಯಾನೇಜರ್ ತಲೆಕೆಳಗಾಗಿ ನಿಂತರೂ ಸರಿ. ಮೊದಲು ಅತ್ತೆಗೆ ಪಾಸಾದ ಸುದ್ದಿ ಹೇಳಿ ಆಮೇಲೆ ಆ ಕೆಲಸ.

ಮುಂದಿನ ಕಟ್ಟಡದ ಕಿಟಕಿ ತೆರೆದೇ ಇತ್ತು. ಬಸ್ಸುಗಳ ಗದ್ದಲ ಎಂದಿನಂತೆ ಒಳಗೆ ಬರುತ್ತಿತ್ತು. ಅತ್ತೆಯ ಮಂಚದ ಮೇಲೆ ಗುರುತಿಲ್ಲದ ಯಾರೋ ಹೆಂಗಸು ಕೂತು ಉಲ್ಲನ್ ಹೆಣೆಯುತ್ತಿದ್ದಳು.

ಮುಂದಿನ ಕಟ್ಟಡದ ಆಯಾ ತಾನೇ ಬಂದು ನೆಲ ನೋಡುತ್ತಾ ಹೇಳಿದಳು. ನೀವು ರಜೆ ಹೋದ ಮಾರನೇ ದಿನ ಸೋಮವಾರ, ಅಮ್ಮನಿಗೆ ನೆಗಡಿ ಜೋರಾಗಿ ಜ್ವರ ಬಂದಿತ್ತು, ಎಂಟು ಬಂತು. ನಿಮಗೆ ಫೋನು ಮಾಡೋಣ ಎಂದರೆ ಅಮ್ಮನೇ ಬೇಡ ಅಂದರು, ಅವಳ ಪರೀಕ್ಷೆ ಮುಗಿಯುವವರೆಗೆ ಯಾರೂ ತುಟಿ ಪಿಟಕ್ ಅನ್ನಕೂಡದು ಅಂದರು.

ಅಂಗಳದಲ್ಲಿ ಒಣಹಾಕಿದ್ದ ಹೊದಿಕೆಗಳನ್ನು ಕೈಯಿಂದ ತಳ್ಳಿಕೊಂಡು ದೊಡ್ಡಕ್ಕ ಓಡಿದಳು. ಹನ್ನೊಂದು ದಿನ. ಎಂಬತ್ತೊಂದು ವಯಸ್ಸಿನ ಕಾಲು ಹನ್ನೊಂದು ದಿನ ನೆಲಕ್ಕೆ ಊರದಿದ್ದರೆ ಏನಾಗುತ್ತದೆ ಎಂದು ಅವಳಿಗೆ ಶೇಕಡಾವಾರು ಸಮೇತ ಗೊತ್ತಿತ್ತು. ಎರಡನೇ ಸೆಮಿಸ್ಟರಿನಲ್ಲಿ ಅದಕ್ಕೆ ಪೂರ್ಣ ಅಂಕ ತೆಗೆದಿದ್ದಳು.

ಅತ್ತೆ ಸಾಲಿನ ಕೊನೆಯ ಕುರ್ಚಿಯಲ್ಲಿದ್ದಳು. ಮೊಣಕಾಲಿನ ಮೇಲೆ ಶಾಲು, ಕೈಯಲ್ಲಿ ಫೋನು, ಎದುರಿಗೆ ಗೋದಾಮಿನ ಗೋಡೆ. ತಲೆ ನೀಟಾಗಿ ಬಾಚಿಕೊಂಡಿದ್ದಳು. ದೊಡ್ಡಕ್ಕನನ್ನು ಕಂಡೊಡನೆ ಕೇಳಿದ್ದು ಒಂದೇ ಮಾತು, ಪಾಸಾ ಎಂದು. ದೊಡ್ಡಕ್ಕ ಹೂಂ ಎಂದು ತಲೆಯಾಡಿಸಿದಳು. ಅತ್ತೆ ಕಣ್ಣು ಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟಳು.

"ಅತ್ತೆ, ಏಳು. ನನ್ನ ಕೈ ಹಿಡ್ಕೋ, ನಿಂತ್ಕೋ."

"ಇಲ್ಲ ಪುಟ್ಟಿ. ಏಳಬಾರದು." ಅತ್ತೆ ಹೆಬ್ಬೆರಳಿನಿಂದ ಬೆನ್ನ ಹಿಂದಿನ ಹಾಳೆಯನ್ನು ತೋರಿಸಿದಳು. "ನೀನೇ ಬರೆದಿದ್ದೀಯ. ಮೊನ್ನೆ ಆಯಾ ಬಚ್ಚಲಿಗೆ ಹೋಗೋಕೆ ಎಬ್ಬಿಸ್ತೀನಿ ಅಂದ್ಲು, ನಾನೇ ಬಿಡಲಿಲ್ಲ. ನಮ್ಮ ಹುಡುಗಿ ಓದಿ ಬರೆದಿರೋದು, ಸುಮ್ಮನೆ ಬರೀತಾಳಾ ಅಂದೆ."

ದೊಡ್ಡಕ್ಕನಿಗೆ ಅಳು ಬಂತು. ಅದು ತಪ್ಪು, ಅಲ್ಲಿ ಇನ್ನೆರಡು ಪದ ಇದ್ದವು, ಡಬ್ಬಿಗೆ ಹಿಡಿಸಲಿಲ್ಲ, ನಿನಗೆ ನೆನಪಿಲ್ಲವಾ, ನಾವಿಬ್ಬರೂ ನಕ್ಕಿದ್ದೆವಲ್ಲ ಎಂದು ಬಿಕ್ಕುತ್ತಾ ಹೇಳಿದಳು. ಅತ್ತೆ ಗಂಭೀರವಾಗಿ ಕೇಳಿಸಿಕೊಂಡಳು. ಮೂವತ್ನಾಲ್ಕು ವರ್ಷ ಹಲಗೆ ನೋಡಿ ಕೆಲಸ ಮಾಡಿದವಳು, ಬಾಯಿಮಾತಿಗೆ ಜಗ್ಗುವವಳಲ್ಲ.

"ಹಾಗಾದ್ರೆ ಬರೆದು ಕೊಡು," ಎಂದಳು.

ದೊಡ್ಡಕ್ಕ ಹಾಳೆಯನ್ನು ಕಿತ್ತು, ಅದರ ಹಿಂಬದಿಯಲ್ಲಿ 'ಎಬ್ಬಿಸಬೇಕು, ದಿನಕ್ಕೆ ಎರಡು ಸಲ' ಎಂದು ಬರೆದು ಸಹಿ ಹಾಕಿ ದಿನಾಂಕ ಹಾಕಿದಳು. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದಳು. ಹಾಳೆಯನ್ನು ಮಡಿಸಿ ಶಾಲಿನೊಳಗೆ ಇಟ್ಟುಕೊಂಡಳು. ಆಮೇಲೆ ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಊರಿ ಮುಂದಕ್ಕೆ ಬಾಗಿದಳು.

ಮೊದಲನೇ ಸಲ ಸೊಂಟ ಕುರ್ಚಿಯಿಂದ ಎರಡು ಬೆರಳಿನಷ್ಟು ಮೇಲೆ ಬಂದು ಧೊಪ್ಪನೆ ಕೂತಿತು. ಎರಡನೇ ಸಲ ದೊಡ್ಡಕ್ಕ ಪೆನ್ನು ಹಿಡಿದಿದ್ದ ಕೈಯನ್ನೇ ಕಂಕುಳಿಗೆ ಕೊಟ್ಟಳು. ಕಾಲು ನೆಲದ ಮೇಲೆ ಇದ್ದವು, ಆದರೆ ಭಾರ ತೆಗೆದುಕೊಳ್ಳಲಿಲ್ಲ. ಮೂರನೇ ಸಲ ಅತ್ತೆಯ ತೋಳು ನಡುಗಿ ಸೋತವು. ಅಭ್ಯಾಸಬಲ, ದೊಡ್ಡಕ್ಕನ ಮನಸ್ಸು ಬೇಡವೆಂದರೂ ಸೆಕೆಂಡು ಎಣಿಸುತ್ತಿತ್ತು, ಅಂಕವನ್ನೂ ಹಾಕಿತು. ಸೊನ್ನೆ.

ಅತ್ತೆ ಹಿಂದಕ್ಕೆ ಒರಗಿ ಏದುಸಿರು ಬಿಡುತ್ತಾ ಅವಳ ಕೆನ್ನೆ ಸವರಿದಳು.

"ಅಳಬೇಡ. ನೋಡಿದ್ಯಾ, ನಿನ್ನ ಹಾಳೆ ಸರಿಯಾಗೇ ಹೇಳಿತ್ತು."

ಅವಳ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. ದೊಡ್ಡಕ್ಕ ಆಯಾಳನ್ನು ಕೂಗಿ ಕರೆದಳು, ಇನ್ನೊಂದು ಸಲ ನೋಡೋಣ, ನೀನು ಆ ಕಡೆ ಹಿಡಿ ಎಂದಳು. ಆಯಾ ಸೊಂಟಕ್ಕೆ ಸೆರಗು ಬಿಗಿದುಕೊಂಡು ಬರುವಷ್ಟರಲ್ಲಿ ದೊಡ್ಡಕ್ಕ ಒಮ್ಮೆ ತಲೆಯೆತ್ತಿದಳು. ಬೆನ್ನ ಹಿಂದೆ ಅದೇ ಹಾಳೆ ಹೊತ್ತು ಗೋಡೆಯುದ್ದಕ್ಕೂ ಕೂತಿದ್ದ ಹನ್ನೊಂದು ಜನರೂ ಕತ್ತು ಹೊರಳಿಸಿ ಅವಳ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದರು.